ತೊಂಬತ್ತು ದಾಟಿದ ತಪ್ಪಿಗೆ

ಅಭಿನಂದನಾ ಪತ್ರಗಳಿಗೆ ಸಹಿ ಹಾಕುವ ಮಾನ್ಯ ಶಿಕ್ಷಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ತಮ್ಮ ಮೇಜಿನ ಮೇಲಿನ ಮೊಹರೂ ಕ್ಷೇಮವೆಂದು ನಂಬಿದ್ದೇನೆ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡೇ ಬರೆಯಲು ಕೂತಿದ್ದರೂ ಕಾಗದದ ಮೂಲೆಯಲ್ಲಿ ಎಣ್ಣೆಯ ಕಲೆ ಕಂಡರೆ ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಬೇಕು. ನನ್ನ ತಂಗಿಯ ಮಗಳನ್ನು ಅಭಿನಂದಿಸಿ ತಾವು ಕಳಿಸಿದ ಪತ್ರ ಕಳೆದ ಸೋಮವಾರ ತಲುಪಿತು. ದಪ್ಪ ಕಾಗದ, ಹೊಂಬಣ್ಣದ ಅಂಚು, ಕೆಳಗೆ ಬಳ್ಳಿಯಂತೆ ಹಬ್ಬಿದ ತಮ್ಮ ಸಹಿ. ಅದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ತಮಗೆ ಸಾವಿರ ಕಡತಗಳಿರುವುದರಿಂದ ನೆನಪು ಮಾಡಿಕೊಡುತ್ತೇನೆ. ಶಾಲೆಯ ಮೇಲೆ ಮನಸ್ಸು ಮುರಿದು, ಇನ್ನೇನು ಓದು ಬಿಟ್ಟೇಬಿಡುತ್ತಾರೆ ಅನ್ನುವಂಥ ಮಕ್ಕಳಿಗಾಗಿ ತಮ್ಮ ಇಲಾಖೆ ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ತರಗತಿ ತೆರೆದು ಎರಡು ವರ್ಷವಾಯಿತು. ಕಡತದಲ್ಲಿ ಅದಕ್ಕೆ ‘ನಮ್ಯ ಬುನಾದಿ ಪ್ರೌಢ ಶಿಕ್ಷಣ’ ಎಂಬ ಹೆಸರಿದೆಯಂತೆ; ನಾವು ಮೇಲಿನ ಕ್ಲಾಸು ಅನ್ನುತ್ತೇವೆ. ಹನ್ನೊಂದು ಮಕ್ಕಳು, ಒಬ್ಬರು ಟೀಚರು, ಗಂಟೆ ಬಾರಿಸುವ ಪದ್ಧತಿ ಇಲ್ಲ. ಬೆಳಗ್ಗೆ ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಹುಡುಗಿ ಹನ್ನೊಂದಕ್ಕೆ ಬರಬಹುದು, ತಮ್ಮನನ್ನು ನೋಡಿಕೊಳ್ಳಬೇಕಾದವಳು ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಬರಬಹುದು, ಭಿನ್ನರಾಶಿ ತಲೆಗೆ ಹತ್ತದವರು ಹತ್ತುವವರೆಗೂ ಅದನ್ನೇ ಮಾಡುತ್ತ ಕೂರಬಹುದು. ಕೊನೆಗೆ ಬರೆಯುವುದು ಎಲ್ಲರೂ ಬರೆಯುವ ಹತ್ತನೇ ತರಗತಿ ಪರೀಕ್ಷೆಯನ್ನೇ. ಇಷ್ಟು ಒಳ್ಳೆಯ ಕೆಲಸ ತಮ್ಮ ಇಲಾಖೆಯಲ್ಲಿ ಕಣ್ತಪ್ಪಿ ಆಗಿರಬೇಕು ಎಂದು ಆಡಿಕೊಳ್ಳುವವರಿದ್ದಾರೆ. ನಾನು ಅಂಥವರ ಪೈಕಿ ಅಲ್ಲ, ಕಳೆದ ಸೋಮವಾರದವರೆಗೂ ಅಲ್ಲ.

ನಮ್ಮ ಹುಡುಗಿಯನ್ನು ಮನೆಯಲ್ಲಿ ಚಿನಕುರಳಿ ಎಂದು ಕರೆಯುವುದು. ತಂಗಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಕೆಲಸ, ಹಾಗಾಗಿ ಮಗು ಬೆಳೆದದ್ದೆಲ್ಲ ನನ್ನ ಅಂಗಡಿಯಲ್ಲೇ, ಬಾಬಿನ್ನುಗಳ ಡಬ್ಬಿ ಅಲ್ಲಾಡಿಸುತ್ತ. ಅವಳ ಬಾಯಿಗೆ ಬೀಗ ಹಾಕುವವರು ಹುಟ್ಟಿಲ್ಲ ಅಂದುಕೊಂಡಿದ್ದೆ. ದೊಡ್ಡ ಶಾಲೆಯ ಒಂಬತ್ತನೇ ತರಗತಿ ಆ ಕೆಲಸವನ್ನು ಒಂದೇ ಬೆಳಗ್ಗೆ ಮಾಡಿ ಮುಗಿಸಿತು. ಅರವತ್ತೆರಡು ಮಕ್ಕಳ ನಡುವೆ ಎದ್ದು ನಿಂತು ಏನೋ ಕೇಳಿದಳಂತೆ, ಎಲ್ಲರೂ ನಕ್ಕರಂತೆ, ಮೇಷ್ಟ್ರೂ ನಕ್ಕರಂತೆ. ಆಮೇಲೆ ಒಂದು ವರ್ಷ ಶಾಲೆಯಲ್ಲಿ ತುಟಿ ಎರಡು ಮಾಡಲಿಲ್ಲ. ಬರಬರುತ್ತ ಶಾಲೆಗೆಂದು ಹೊರಟವಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಸಂಜೆ ಮಾಡಿಕೊಂಡು ಬರತೊಡಗಿದಳು. ನಮಗೆ ತಿಳಿದದ್ದು ಮೂರು ತಿಂಗಳಾದ ಮೇಲೆ. ಮೇಲಿನ ಕ್ಲಾಸಿಗೆ ಸೇರಿಸಿದಾಗ ಮೊದಲ ವಾರ ಮೆಟ್ಟಿಲ ಮೇಲೆಯೇ ಕೂತಿದ್ದಳು. ಟೀಚರು “ಒಳಗೆ ಬಾ” ಅನ್ನಲಿಲ್ಲ. ತಾವೇ ಪುಸ್ತಕ ತಂದು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತು ಪಾಠ ಮಾಡಿದರು. ಈಗ ದಿನಾ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲು ತೆಗೆಯುವವಳು ಅವಳೇ.

ಇಲ್ಲಿಗೆ ತಮ್ಮ ಹದಿನಾಲ್ಕನೇ ನಿಯಮದ ಪ್ರವೇಶವಾಗುತ್ತದೆ. ಅದನ್ನು ಬರೆದ ಕೈಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು. ಯಾವ ವಿದ್ಯಾರ್ಥಿಯ ಹಾಜರಿ ಒಂದು ತಿಂಗಳಲ್ಲಿ ನೂರಕ್ಕೆ ತೊಂಬತ್ತನ್ನು ದಾಟುತ್ತದೋ ಆ ವಿದ್ಯಾರ್ಥಿ ಅಪಾಯದಿಂದ ಪಾರಾದಂತೆ. ಪಾರಾದವರನ್ನು ಹದಿನೈದು ದಿನದೊಳಗೆ ಹಳೆಯ ಶಾಲೆಗೆ ವಾಪಸು ಕಳಿಸತಕ್ಕದ್ದು. ಮಳೆಯಲ್ಲಿ ನೆನೆದು ಜ್ವರ ಬಂದವರಿಗೆ ಜ್ವರ ಇಳಿದ ಕೂಡಲೇ ಬೆನ್ನು ತಟ್ಟಿ ಮತ್ತೆ ಮಳೆಗೇ ಕಳಿಸುವ ಇಂಥ ವೈದ್ಯವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಮಕ್ಕಳು ಮಾತ್ರ ಈ ನಿಯಮವನ್ನು ನಮಗಿಂತ ಚೆನ್ನಾಗಿ ಓದಿಕೊಂಡಿದ್ದರು. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಕ್ಲಾಸು. ಎರಡು ದಿನ ತಪ್ಪಿಸಿದರೆ ತೊಂಬತ್ತೊಂದೂ ಚಿಲ್ಲರೆ, ಮೂರು ದಿನ ತಪ್ಪಿಸಿದರೆ ಎಂಬತ್ತೇಳೂವರೆ. ಆದ್ದರಿಂದ ಹನ್ನೊಂದು ಜನವೂ ತಲಾ ಮೂರು ದಿನ ಗೈರುಹಾಜರಾಗಬೇಕೆಂದು ತೀರ್ಮಾನಿಸಿ, ಗೆರೆ ಎಳೆದು ಪಟ್ಟಿ ಮಾಡಿ, ನನ್ನ ಅಂಗಡಿಯ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದರು. ಸರದಿ ಬಂದವರು ಮನೆಯಲ್ಲಿ ಮಲಗುತ್ತಾರೆಂದು ತಾವು ತಿಳಿದಿದ್ದರೆ ಅದು ತಪ್ಪು. ಅವರು ನನ್ನ ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಹಲಗೆ ಹಾಸಿದ ಮಹಡಿಯಿಂದ ಕೇಳಿಬರುವ ಪಾಠವನ್ನು ಬರೆದುಕೊಳ್ಳುತ್ತಾರೆ. ಲೆಕ್ಕದ ಚೀಟಿ ನನ್ನದೇ ನೂಲಿನ ತುದಿಯಲ್ಲಿ ಕಿಟಕಿಯಿಂದ ಇಳಿಯುತ್ತದೆ, ಉತ್ತರ ಹಾಗೆಯೇ ಮೇಲೇರುತ್ತದೆ. ಅಂಥ ದಿನಗಳಲ್ಲಿ ಟೀಚರ ದನಿ ಯಾಕೋ ಸ್ವಲ್ಪ ಜೋರಾಗಿರುತ್ತದೆ, ಅವರಿಗೆ ಏನೂ ಗೊತ್ತಿಲ್ಲವೆಂದು ತಾವು ದಯವಿಟ್ಟು ನಂಬಬೇಕು. ಕಳ್ಳ ಬೀಳಲು ಸರದಿ ಹಾಕಿಕೊಂಡು, ಕಳ್ಳ ಬಿದ್ದ ದಿನವೂ ಪಾಠ ಬಿಡದ ಮಕ್ಕಳನ್ನು ತಯಾರು ಮಾಡಿದ ಕೀರ್ತಿ ತಮ್ಮದು. ಈ ಗುಟ್ಟನ್ನು ಬರೆಯಲು ಅವರ ಒಪ್ಪಿಗೆಯನ್ನೂ ಕೇಳಿದೆ. “ಬರೀರಿ ಆಂಟಿ, ನಿಮ್ಮ ಚಿನಕುರಳಿ ಹೋದ್ರೆ ನನಗೆ ಲೆಕ್ಕ ಯಾರು ಹೇಳಿಕೊಡ್ತಾರೆ?” ಎಂದು ಬೇಕರಿಯ ಹುಡುಗಿಯೇ ಗದರಿದಳು.

ತಪ್ಪಾದದ್ದು ಕಳೆದ ತಿಂಗಳು ಮೂವತ್ತರಂದು. ತಿಂಗಳ ಕೊನೆಯ ಕ್ಲಾಸಾದ ಆ ದಿನ ಚಿನಕುರಳಿಯ ಮೂರನೇ ಗೈರುಹಾಜರಿಯ ಸರದಿ. ಆದರೆ ಅದೇ ದಿನ, ತನಗೆ ಚೆನ್ನಾಗಿ ಗೊತ್ತಿರುವ ಯಾವುದಾದರೂ ಒಂದು ವಿಷಯವನ್ನು ಎಲ್ಲರ ಮುಂದೆ ನಿಂತು ವಿವರಿಸುವ ಅವಕಾಶವನ್ನು ಅವಳೇ ಬಾಯಿಬಿಟ್ಟು ಕೇಳಿ ಪಡೆದಿದ್ದಳು. ಬೆಳಗ್ಗೆ ಕಪಾಟಿನ ಬಾಗಿಲು ತೆಗೆದು ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು, “ದೊಡ್ಡಮ್ಮಾ, ಆ ಹಳೇ ಮಿಷನ್ನು ಮೇಲಕ್ಕೆ ತಂದುಕೊಡ್ತೀಯಾ?” ಅಂದಳು. ಬೇಡ ಅನ್ನಬೇಕಾಗಿತ್ತು. ನಿಯಮ ಬಲ್ಲವಳು ನಾನು. ಆದರೂ ಯಂತ್ರವನ್ನು ಸೊಂಟದ ಮೇಲಿಟ್ಟುಕೊಂಡು ಇಪ್ಪತ್ತೊಂದು ಮೆಟ್ಟಿಲು ಹತ್ತಿದೆ.

ಮೇಲಿನ ದಾರ ಸೂಜಿಯ ಜೊತೆ ಬಟ್ಟೆಯೊಳಗೆ ಇಳಿಯುವುದು, ಕೆಳಗಿನ ದಾರ ಅದಕ್ಕಾಗಿ ಕಾದಿರುವುದು, ಎರಡೂ ಸಿಕ್ಕಿಹಾಕಿಕೊಂಡು ಒಂದು ಹೊಲಿಗೆ ಬೀಳುವುದು: ಇಷ್ಟನ್ನು ಅವಳು ಚಕ್ರ ತಿರುಗಿಸಿ ತೋರಿಸುತ್ತ ನಲವತ್ತು ನಿಮಿಷ ಹೇಳಿದಳು. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಟ್ಟಳು, ಗೊತ್ತಿಲ್ಲದ ಒಂದಕ್ಕೆ “ಅದು ಗೊತ್ತಿಲ್ಲ, ನಾಳೆ ಹೇಳ್ತೀನಿ” ಅಂದಳು. ಯಾರೋ ನಕ್ಕರು, ಅವಳೂ ನಕ್ಕಳು. ನಾನು ಬಾಗಿಲ ಹತ್ತಿರ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ, ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಟೀಚರು ಸುಳ್ಳು ಬರೆಯುವವರಲ್ಲವಾದ್ದರಿಂದ ಹಾಜರಿ ಪುಸ್ತಕದಲ್ಲಿ ಅವಳನ್ನು ಹಾಜರು ಎಂದೇ ಗುರುತು ಮಾಡಿದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತೆರಡು. ತಾವು ಸಂತೋಷಪಟ್ಟಿರಿ.

ಬರುವ ಒಂದನೇ ತಾರೀಕು ಅವಳು ಮತ್ತೆ ಆ ಅರವತ್ತೆರಡರ ನಡುವೆ ಕೂರಬೇಕು. ಪರೀಕ್ಷೆಗೆ ಇನ್ನು ನಾಲ್ಕು ತಿಂಗಳು. ಪತ್ರ ಬಂದ ದಿನದಿಂದ ಅವಳು ನನ್ನ ಜೊತೆಯೂ ಸರಿಯಾಗಿ ಮಾತಾಡುತ್ತಿಲ್ಲ, ನಿನ್ನೆ ಬಸ್ ನಿಲ್ದಾಣದಲ್ಲಿ ಕಂಡಳೆಂದು ತಂಗಿ ಹೇಳಿದಳು. ನನಗೆ ಭಯವಾಗಿದೆ ಸ್ವಾಮಿ.

ಆದ್ದರಿಂದ ಈ ಕೆಳಕಂಡವುಗಳಲ್ಲಿ ತಮಗೆ ಸುಲಭವಾದದ್ದನ್ನು ದಯಪಾಲಿಸಬೇಕು. ಅವಳ ಅಭಿನಂದನೆಯನ್ನು ರದ್ದುಪಡಿಸಿ, ಬೇಕಾದರೆ ಕಟುವಾದ ಛೀಮಾರಿಯನ್ನು ಅದೇ ದಪ್ಪ ಕಾಗದದಲ್ಲಿ ಕಳಿಸಿಕೊಡಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಅದಾಗದಿದ್ದರೆ ಕಳೆದ ತಿಂಗಳ ಮೂವತ್ತನೇ ತಾರೀಕನ್ನು ಪಂಚಾಂಗದಿಂದ ತೆಗೆಸಿಹಾಕಿ. ಅದೂ ಕಷ್ಟವೆಂದರೆ ದೊಡ್ಡ ಶಾಲೆಯ ಅರವತ್ತೆರಡು ಮಕ್ಕಳನ್ನೂ ಮೇಷ್ಟ್ರನ್ನೂ ಸೇರಿಸಿ ನಮ್ಮ ಮಹಡಿಗೆ ಕಳಿಸಿಕೊಡಿ, ಮೆಟ್ಟಿಲ ಮೇಲೆ ಜಾಗ ಮಾಡಿಕೊಡೋಣ. ಇದ್ಯಾವುದೂ ಬೇಡವೆಂದರೆ ನಾಲ್ಕೇ ನಾಲ್ಕು ತಿಂಗಳು ಆ ಹುಡುಗಿಯನ್ನು ಅವಳ ಪಾಡಿಗೆ ಬಿಟ್ಟುಬಿಡಿ. ಇದಕ್ಕೆ ಮೊಹರು ಕೂಡ ಬೇಕಾಗುವುದಿಲ್ಲ.

ಇಷ್ಟುದ್ದ ಓದಿಸಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಮನೆಯ ಹೊಲಿಗೆ ಯಂತ್ರ ಎಂದಾದರೂ ಕೆಟ್ಟರೆ ಅದನ್ನು ಸರಿಯಾಗುವವರೆಗೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆಂದು ಮಾತು ಕೊಡುವ,

ತಮ್ಮ ವಿಶ್ವಾಸಿ,
ಮೇಲಿನ ಕ್ಲಾಸಿನ ಕೆಳಗಿನ ಅಂಗಡಿಯವಳು

ತಾಜಾ ಕಲಂ: ಇದನ್ನು ತಮ್ಮ ಕೈಗೇ ಕೊಡಬೇಕೆಂದು ಮಂಗಳವಾರದಿಂದ ಶನಿವಾರದವರೆಗೆ ಐದು ದಿನ ಕಚೇರಿಗೆ ಬಂದೆ. ಐದು ದಿನವೂ ಫ್ಯಾನು ತಿರುಗುತ್ತಿತ್ತು, ಕುರ್ಚಿ ಖಾಲಿಯಿತ್ತು, ಜವಾನ “ಸಾಹೇಬ್ರು ಈಗಷ್ಟೇ ಹೊರಗೆ ಹೋದ್ರು” ಅಂದ. ವಿಧಿಯಿಲ್ಲದೆ ಪತ್ರಿಕೆಗೆ ಕೊಡುತ್ತಿದ್ದೇನೆ. ಐದಕ್ಕೆ ಸೊನ್ನೆ ಎಂದರೆ ತಮ್ಮದೇ ಹಾಜರಿ ಕೋಷ್ಟಕದ ಪ್ರಕಾರ ತೀವ್ರ ಅಪಾಯವಂತೆ, ಹುಡುಗಿ ಲೆಕ್ಕ ಮಾಡಿ ಹೇಳಿದಳು. ಹೆದರಬೇಡಿ, ಟೀಚರನ್ನು ಕೇಳಿದ್ದೇನೆ, ತಮ್ಮಂಥವರಿಗೂ ಜಾಗವಿದೆ. ಎಂಟಕ್ಕೆ ಆಗದಿದ್ದರೆ ಹನ್ನೊಂದಕ್ಕೆ ಬನ್ನಿ, ಯಾರೂ ನಗುವುದಿಲ್ಲ. ಕಿಟಕಿ ಪಕ್ಕದ ಜಾಗವನ್ನು ಮಾತ್ರ ಕೇಳಬೇಡಿ, ಅದು ನಮ್ಮ ಹುಡುಗಿಯದು.