ಬಾಡಿಗೆ ಸಹಾಯಕ್ಕೆ ಬೆಳ್ಳಿ ಲೋಟ

ನಮ್ಮ ಮನೆಗೆ ಯಾರೋ ಬರ್ತಾರೆ ಅಂತ ಗೊತ್ತಾದರೆ ಸಾಕು, ಅವತ್ತು ಏನಾದರೂ ಎಡವಟ್ಟು ಆಗದೆ ಇರಲ್ಲ. ಹೆಣ್ಣು ನೋಡೋಕೆ ಬಂದೋರಾಗಲಿ, ಕರೆಂಟ್ ಮೀಟರ್ ನೋಡೋಕೆ ಬಂದೋನಾಗಲಿ, ನಮ್ಮ ಹೊಸಿಲು ದಾಟಿದ ಮೇಲೆ ಬಂದ ಕೆಲಸವೇ ಒಂದು, ಆಗೋದೇ ಇನ್ನೊಂದು. ಅದರಲ್ಲೂ ಬಾಡಿಗೆ ಸಹಾಯಕ್ಕೆ ಓಡಾಡಿದ ವರ್ಷ ನಡೆದದ್ದನ್ನ ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗ್ತೀನಿ. ನನಗೆ ಅಕ್ಷರ ಬರಲ್ಲ, ಮೊಮ್ಮಗಳ ಕೈಲಿ ಬರೆಸ್ತಿದ್ದೀನಿ. ಅವಳು ನಗು ಬಂದಾಗಲೆಲ್ಲ ಪೆನ್ನು ಕೆಳಗಿಡ್ತಾಳೆ. ಹಾಗಾಗಿ ಎಲ್ಲಾದರೂ ಒಂದೆರಡು ಮಾತು ತಪ್ಪಿಹೋಗಿದ್ದರೆ ಅದು ಅವಳ ತಪ್ಪು.

ಆಗ ತ್ಯಾಗರಾಜನಗರದ ಒಂದು ವಠಾರದಲ್ಲಿ ಕೊನೇ ಮನೆ ನಮ್ಮದು. ಒಂದು ನಡುಮನೆ, ಒಂದು ಅಡುಗೆಮನೆ. ಮಗಳು ಮದುವೆಯಾಗಿ ಹೋದ ಮೇಲೆ ಇದ್ದೋರು ಇಬ್ಬರು, ನಾನು ಮತ್ತು ನನ್ನ ನಾದಿನಿ. ಅವಳು ನಮ್ಮ ಯಜಮಾನರ ತಂಗಿ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು, ಅಣ್ಣ ಹೋದ ಮೇಲೂ ನನ್ನ ಜೊತೇಲೇ ಉಳಿದವಳು. ನಾನು ಹಪ್ಪಳ ಸಂಡಿಗೆ ಮಾಡಿ ಸುತ್ತಮುತ್ತಲ ಮನೆಗಳಿಗೆ ಕೊಡ್ತಿದ್ದೆ, ಅವಳು ಹೂಬತ್ತಿ ಹೊಸೀತಿದ್ದಳು.

ನಮ್ಮ ಯಜಮಾನರು ಜೀವಮಾನವೆಲ್ಲ ಒಂದು ಊದುಬತ್ತಿ ಕಾರ್ಖಾನೇಲಿ ದುಡಿದೋರು. ಆ ಕಾರ್ಖಾನೆಯ ಹಳೇ ಧಣಿಗಳು ಪುಣ್ಯಾತ್ಮರು. ಕೆಲಸಗಾರ ಸತ್ತರೆ ಅವನ ಹೆಂಡತಿಗೆ ಮನೆ ಬಾಡಿಗೇಲಿ ಮುಕ್ಕಾಲು ಪಾಲು ಕೊಡ್ತಿದ್ದರು. ಅವರು ಹೋದರು, ಮಕ್ಕಳ ಕಾಲ ಬಂತು, ಮುಕ್ಕಾಲು ಇದ್ದದ್ದು ಕಾಲಾಯ್ತು. ತೀರಾ ಕಷ್ಟ ಇರೋರು ಅರ್ಜಿ ಹಾಕಿ, ಮನೆಗೆ ಬಂದು ನೋಡಿ ಹೆಚ್ಚಿನ ಸಹಾಯ ಕೊಡ್ತೀವಿ ಅಂದರು. ಅದು ಸಿಗದಿದ್ದರೆ ನಾವು ಈ ಮನೆ ಬಿಟ್ಟು ಗೊಟ್ಟಿಗೆರೆ ಕಡೆ ಹೋಗಬೇಕಿತ್ತು. ಆಗ ಗೊಟ್ಟಿಗೆರೆ ಇನ್ನೂ ಹಳ್ಳಿ, ಬಾಡಿಗೆ ಕಮ್ಮಿ. ಆದರೆ ಅಲ್ಲಿಂದ ಹಪ್ಪಳದ ಡಬ್ಬ ಹೊತ್ತು ಇಲ್ಲಿಗೆ ಬರೋದು ಹೇಗೆ?

ಇದೆಲ್ಲ ನಾದಿನಿಗೂ ಗೊತ್ತಿತ್ತು. ಅವಳ ಕಷ್ಟ ಒಂದೇ. ಬೇರೆಯವರ ಮುಂದೆ "ನಮ್ಮಲ್ಲಿ ಇಲ್ಲ" ಅನ್ನೋ ಮಾತು ಅವಳ ಬಾಯಿಂದ ಹೊರಡ್ತಿರಲಿಲ್ಲ.

ಅರ್ಜಿ

ಮುಂದಿನ ಮನೇಲಿ ರಿಟೈರ್ ಆದ ಮೇಷ್ಟ್ರು ಇದ್ದರು. ಅರ್ಜಿ ಬರೆದುಕೊಡಿ ಅಂತ ಕೇಳಿದೆ. ಪಾಪ, ಕನ್ನಡಕ ಒರೆಸಿಕೊಂಡು ಕೂತರು. ನಾನು ಹೇಳೋದು, ಅವರು ಬರೆಯೋದು, ಬರೆದದ್ದನ್ನ ಗಟ್ಟಿಯಾಗಿ ಓದೋದು. ಪಕ್ಕದಲ್ಲಿ ನಾದಿನಿ ಬತ್ತಿ ಹೊಸೀತಾ ಕೂತಿದ್ದಳು.

"ನಾವು ಬಹಳ ಕಷ್ಟದಲ್ಲಿದ್ದೇವೆ" ಅಂತ ಮೇಷ್ಟ್ರು ಓದಿದರು. ಬಹಳ ಅನ್ನೋದು ತೆಗೀರಿ, ಅಂಥಾದ್ದೇನಾಗಿದೆ ನಮಗೆ, ಅಂದಳು ನಾದಿನಿ. ತೆಗೆದರು. ಮತ್ತೆ ಓದಿದರು. ಕಷ್ಟ ಅಂತ ಬರೆದರೆ ಕಾರ್ಖಾನೇಲಿ ಅಣ್ಣನ ಜೊತೆಯವರು ಏನಂದುಕೊಳ್ತಾರೆ, ಸ್ವಲ್ಪ ತೊಂದರೆ ಅನ್ನಿ, ಅಂದಳು. ಆಮೇಲೆ ತೊಂದರೆಯೂ ಬೇಡ ಅಂದಳು. "ಎರಡು ಹೊತ್ತಿನ ಊಟಕ್ಕೂ" ಅಂತ ಶುರುವಾದ ಸಾಲನ್ನಂತೂ ಮೇಷ್ಟ್ರ ಕೈಯಿಂದ ಕಾಗದ ಕಿತ್ತುಕೊಂಡು ಅವಳೇ ಹೊಡೆದುಹಾಕಿದಳು. ಅವಳಿಗೂ ಓದು ಬರಲ್ಲ, ಹಾಗಾಗಿ ಮೇಲಿನ ಸಾಲೂ ಹೋಯ್ತು.

ನಾನು ಹೆಬ್ಬೆಟ್ಟು ಒತ್ತಿ ತಗೊಂಡು ಹೋಗಿ ಕಾರ್ಖಾನೆ ಆಫೀಸಿನಲ್ಲಿ ಕೊಟ್ಟೆ. ಗುಮಾಸ್ತ ಎರಡು ಸಲ ಓದಿದ. ನಾವು ದೇವರ ದಯೆಯಿಂದ ಕ್ಷೇಮ, ತಾವೂ ಕ್ಷೇಮ ಅಂತ ನಂಬಿದ್ದೇವೆ, ತಮಗೆ ಅನುಕೂಲ ಇದ್ದರೆ ಬಾಡಿಗೆ ವಿಚಾರ ನೋಡಬಹುದು, ಅವಸರವಿಲ್ಲ. ಕಾಗದದಲ್ಲಿ ಉಳಿದಿದ್ದು ಅಷ್ಟೇ.

ಗುಮಾಸ್ತ ತಲೆ ಎತ್ತಿ ಕೇಳಿದ, "ಅಮ್ಮ, ಇದು ನೀವು ಕೇಳ್ತಿರೋ ಸಹಾಯಾನೋ, ನಮಗೆ ಕೊಡ್ತಿರೋದೋ?"

ಮಗನಂಥ ಓನರ್ರು

ಆದರೂ ಒಳ್ಳೇ ಹುಡುಗ, ಅರ್ಜಿ ತಗೊಂಡ. ಎಷ್ಟು ಬಾಡಿಗೆ ಕೊಡ್ತೀರಿ ಅಂತ ಓನರ್ ಹತ್ತಿರ ಕೇಳ್ತೀವಿ ಅಂದ.

ಅದೇ ವಠಾರದಲ್ಲಿದ್ದ ನಮ್ಮ ಓನರ್ರು ಕೆಟ್ಟವರಲ್ಲ, ಆದರೆ ಟ್ಯಾಕ್ಸ್ ಅಂದರೆ ದೆವ್ವ ಕಂಡ ಹಾಗೆ ಆಡೋರು. ಬಾಡಿಗೆ ತಗೊಳ್ಳೋಕೆ ಬಂದರೆ ಬಾಗಿಲು ಹಾಕಿಕೊಂಡು ತಗೊಳ್ತಿದ್ದರು, ರಸೀದಿ ಅಂತ ಅವರ ಕೈಯಿಂದ ಯಾವತ್ತೂ ಬಂದಿದ್ದಿಲ್ಲ. ಇಂಥವರ ಹತ್ತಿರ ಯಾರೋ ಪ್ಯಾಂಟು ಷರ್ಟು ಹಾಕಿಕೊಂಡು ಫೈಲ್ ಹಿಡಿದು ಬಂದು, ಆ ಕೊನೇ ಮನೆಯಿಂದ ಎಷ್ಟು ಬಾಡಿಗೆ ಬರುತ್ತೆ ಸಾರ್ ಅಂತ ಕೇಳಿದರೆ ಏನಾಗಬೇಡ? ಬಾಡಿಗೆನಾ, ಯಾವ ಬಾಡಿಗೆ, ಅಂದರಂತೆ. ಆ ಇಬ್ಬರು ತಾಯಂದಿರು ನನ್ನ ಹೆತ್ತಮ್ಮನ ಸಮಾನ, ಸುಮ್ಮನೆ ಇರಲಿ ಅಂತ ಬಿಟ್ಟಿದ್ದೀನಿ, ಒಂದು ಪೈಸೆ ಮುಟ್ಟಿದ್ದರೆ ಕೇಳಿ, ಅಂತ ದೇವರ ಪಟದ ಮೇಲೆ ಕೈಯಿಟ್ಟರಂತೆ. ಬಂದವನಿಗೆ ಕಣ್ಣಲ್ಲಿ ನೀರು ಬಂತಂತೆ. ಪುಗಸಟ್ಟೆ ಮನೇಲಿರೋರಿಗೆ ಬಾಡಿಗೆ ಸಹಾಯ ಯಾತಕ್ಕೆ ಅಂತ ಆಫೀಸಿಂದ ಕೇಳಿ ಕಳಿಸಿದರು.

ನಾನು ಬಾಡಿಗೆ ದಿನಕ್ಕೆ ಕಾದೆ. ತಿಂಗಳಾಯ್ತು, ಓನರ್ರು ಬಂದರು, ಎಂದಿನ ಹಾಗೆ ಬಾಗಿಲು ಹಾಕಿದರು, ಕೈ ಚಾಚಿದರು. ನಾನು ಆ ಕೈ ಹಿಡಕೊಂಡು ತಲೆ ಸವರಿದೆ.

"ಏನಮ್ಮ ಇದು?" ಅಂದರು.

"ಹೆತ್ತಮ್ಮನ ಹತ್ತಿರ ಬಾಡಿಗೆ ತಗೊಳ್ಳೋ ಮಗ ನೀನಲ್ಲಪ್ಪ. ಕೂತ್ಕೊ, ಕೈತುತ್ತು ಹಾಕ್ತೀನಿ" ಅಂದೆ.

ಅವತ್ತು ಸಂಜೆಯೊಳಗೆ ರಸೀದಿ ಬಂತು. ಎರಡು ಬಂತು, ಒಂದು ಕಳೆದುಹೋದರೆ ಇರಲಿ ಅಂತ.

ಸ್ಥಿತಿವಂತರು

ರಸೀದಿ ಆಫೀಸಿಗೆ ಮುಟ್ಟಿಸಿದೆ. ಮುಂದಿನ ವಾರ ಆಫೀಸಿನ ಇಬ್ಬರು ಮನೆ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ನೋಡಲಿ, ನೋಡೋಕೆ ಏನಿದೆ ನಮ್ಮನೇಲಿ, ಅಂತ ನಾನು ನಿಶ್ಚಿಂತೆಯಾಗಿ ಆ ಬೆಳಿಗ್ಗೆ ಜಯನಗರದ ಒಂದು ಮನೆಗೆ ಸಂಡಿಗೆ ಕೊಡೋಕೆ ಹೋದೆ. ಬೇಗ ಬರ್ತೀನಿ, ನೀನು ಸುಮ್ಮನೆ ಕೂತಿರು, ಅಂತ ನಾದಿನಿಗೆ ಹೇಳಿದ್ದೆ. ಅವಳು ತಲೆಯಾಡಿಸಿದ್ದಳು. ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ವಾಪಸ್ ಬಂದರೆ ನಮ್ಮನೆ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಬಾಗಿಲಿಗೆ ಮಾವಿನ ತೋರಣ, ಮುಂದೆ ದೊಡ್ಡ ರಂಗೋಲಿ. ಒಳಗೆ ಓನರ್ ಮನೆಯ ಬೆತ್ತದ ಕುರ್ಚಿಗಳು. ಪಕ್ಕದ ಮನೇಲಿ ಧಾರವಾಡದ ಕಡೆಯಿಂದ ಬಂದ ಗಂಡ ಹೆಂಡತಿ ಇದ್ದರು, ಅವರ ಕಲರ್ ಟಿವಿ ನಮ್ಮ ಗೂಡಿನ ಮುಂದೆ ಸ್ಟೂಲಿನ ಮೇಲೆ ಕೂತಿತ್ತು. ಮೇಷ್ಟ್ರ ಮನೆ ಟೇಬಲ್ ಫ್ಯಾನು ಗಿರಗಿರ ತಿರುಗ್ತಿತ್ತು. ಕಾರ್ಖಾನೆಯವರು ಬರ್ತಾರೆ ಅಂತ ನಾದಿನಿ ಒಂದು ಮಾತು ಹೇಳಿದ್ದಕ್ಕೆ ಇಡೀ ವಠಾರ ತಮ್ಮ ತಮ್ಮ ಮನೇಲಿದ್ದ ಒಳ್ಳೇ ಸಾಮಾನೆಲ್ಲ ತಂದು ಸುರಿದಿತ್ತು.

ನಡುವೆ ಕುರ್ಚಿ ಮೇಲೆ ಇಬ್ಬರು ಗಂಡಸರು ಚಿರೋಟಿ ತಿಂತಾ ಕೂತಿದ್ದಾರೆ. ಕೈಯಲ್ಲಿ ಬೆಳ್ಳಿ ಲೋಟ, ಅದೂ ಓನರ್ ಹೆಂಡತಿದು. ನಾದಿನಿ ತನ್ನ ಒಂದೇ ಒಂದು ಮೈಸೂರು ರೇಷ್ಮೆ ಉಟ್ಟು, ಇನ್ನೊಂದು ಹಾಕಿಸಿಕೊಳ್ಳಿ, ನಮ್ಮನೇಲಿ ಸಂಕೋಚ ಮಾಡಬಾರದು, ಅಂತ ಬಡಿಸ್ತಿದ್ದಾಳೆ. ನಾನು ಬೆವರಿದ ಸೀರೇಲಿ ಖಾಲಿ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರಲ್ಲಿ ದೊಡ್ಡವನು ನನ್ನನ್ನ ನೋಡಿ, ನಿಮ್ಮ ಕೆಲಸದವರು ಬಂದರು ಅನ್ಸುತ್ತೆ, ಅಂದ.

ಹೋಗುವಾಗ ಇಬ್ಬರೂ ಕೈ ಮುಗಿದು, ಈ ವಠಾರದಲ್ಲಿ ಯಾವುದಾದರೂ ಮನೆ ಖಾಲಿಯಾದರೆ ನಮಗೂ ಹೇಳಿ ಅಂದರು.

ನಾಲ್ಕು ದಿನಕ್ಕೆ ಕಾಗದ ಬಂತು. ಮೇಷ್ಟ್ರು ಓದಿ ಹೇಳಿದರು: ಅರ್ಜಿದಾರರು ಸ್ಥಿತಿವಂತರು, ಹೆಚ್ಚಿನ ಸಹಾಯದ ಅಗತ್ಯ ಕಂಡುಬಂದಿಲ್ಲ. ನನಗೆ ಗೊಟ್ಟಿಗೆರೆ ಕಣ್ಣ ಮುಂದೆ ಬಂತು. ನಾದಿನಿ ಕಡೆ ತಿರುಗಿದೆ, ಇವಾಗಾದರೂ ಅಳ್ತಾಳೆ ಅಂತ.

"ಸ್ಥಿತಿವಂತರು ಅಂತ ಬರೆದಿದ್ದಾರಾ?" ಅಂದಳು. "ಮೇಷ್ಟ್ರೇ, ಇನ್ನೊಂದ್ಸಲ ಓದಿ."

ಫಿಲ್ಟರ್

ನಾನು ಆಫೀಸಿಗೆ ಹೋಗಿ ಬಾಗಿಲಲ್ಲೇ ಕೂತುಬಿಟ್ಟೆ. ಹಳೇ ಧಣಿಗಳ ಸೊಸೆ ಒಬ್ಬರು ಆಗ ಈ ಸಹಾಯದ ಕೆಲಸ ನೋಡಿಕೊಳ್ತಿದ್ದರು. ಎಲ್ಲ ಕೇಳಿ, ಸೋಮವಾರ ನಾನೇ ಬಂದು ನೋಡ್ತೀನಿ ಅಂದರು. ಮೇಡಂ ನೋಡಿ ಇಲ್ಲ ಅಂದರೆ ಮುಗೀತು, ಅದರ ಮೇಲೆ ಯಾರನ್ನೂ ಕೇಳೋ ಹಾಗಿಲ್ಲ ಅಂತ ಗುಮಾಸ್ತ ಕಿವಿಯಲ್ಲಿ ಹೇಳಿದ.

ನಾನು ಬಂದು ವಠಾರದವರನ್ನೆಲ್ಲ ಕೂರಿಸಿಕೊಂಡು ಕೈ ಮುಗಿದೆ. ಈ ಸಲ ಯಾರೂ ಏನೂ ಕೊಡಬೇಡಿ, ನಮ್ಮನೆ ಇರೋ ಹಾಗೇ ಕಾಣಲಿ ಅಂದೆ. ಅವರಿಗೂ ಮನಸ್ಸು ಚುರ್ರ್ ಅಂದಿತ್ತು, ತಮ್ಮಿಂದಲೇ ಕೆಟ್ಟಿತು ಅಂತ. ಸರಿ ಮಾಡೇ ತೀರ್ತೀವಿ ಅಂತ ಹಟ ಹಿಡಿದರು. ಸೋಮವಾರ ಬೆಳಿಗ್ಗೆ ಬಂದು, ತಮ್ಮದು ಕೊಡೋದು ಹಾಗಿರಲಿ, ನಮ್ಮದನ್ನೇ ಹೊತ್ತುಕೊಂಡು ಹೋದರು. ನಾನು ಸ್ನಾನ ಮುಗಿಸಿ ಬರೋದರೊಳಗೆ ಸ್ಟೌವ್ ಹೋಗಿತ್ತು, ಪಾತ್ರೆ ಹೋಗಿತ್ತು, ಚಾಪೆ ಹೋಗಿತ್ತು, ಬಲ್ಬು ಕೂಡ ಬಿಚ್ಚಿದ್ದರು. ಉಳಿದದ್ದು ಒರಳುಕಲ್ಲು, ಯಾರಿಗೂ ಎತ್ತೋಕಾಗದೆ. ಬಾಯಿ ಬಿಡಲ್ಲ ಅಂತ ನಾದಿನಿ ಕೈಲಿ ಅವಳ ಅಣ್ಣನ ಫೋಟೋ ಮುಂದೆ ಆಣೆ ಹಾಕಿಸಿಕೊಳ್ಳೋಣ ಅಂದರೆ ಫೋಟೋನೂ ಇಲ್ಲ. ಗೋಡೆ ಮೇಲಿನ ಮೊಳೆ ಮುಂದೆ ಹಾಕಿಸಿಕೊಂಡೆ.

ಮೇಡಂ ಬಂದರು. ಮೆಲುಮಾತಿನ ಹೆಂಗಸು, ಬಿಸಿಲಲ್ಲಿ ಬಂದು ಮುಖ ಕೆಂಪಾಗಿತ್ತು. ಕೂತ್ಕೊಳ್ಳಿ ಅನ್ನೋಕೆ ಜಾಗ ಇಲ್ಲ, ಒರಳುಕಲ್ಲಿನ ಮೇಲೆ ಕೂತರು. ಸುತ್ತ ನೋಡಿದರು. ನಾದಿನಿ ಮೂಲೇಲಿ ಹಳೇ ಸೀರೆ ಉಟ್ಟು ತುಟಿ ಕಚ್ಚಿಕೊಂಡು ನಿಂತಿದ್ದಳು. ಎಲ್ಲ ಸರಿಯಾಗಿ ನಡೀತಿತ್ತು. ಅಷ್ಟರಲ್ಲಿ ಮೇಡಂ, ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ ಅಮ್ಮ, ಅಂದರು.

ಲೋಟ ಇಲ್ಲ.

ನಾದಿನಿ ಮುಖ ನೋಡಬೇಕಿತ್ತು ನೀವು. ಮನೆಗೆ ಬಂದವರಿಗೆ ನೀರು ಕೊಡೋಕೆ ಲೋಟ ಇಲ್ಲ ಅಂದರೆ ಅವಳು ಬದುಕಿರ್ತಾಳಾ? ಒಂದೇ ಸಲಕ್ಕೆ ಹೊರಗೆ ಹಾರಿದಳು. ಬಾಗಿಲು ತೆಗೆದೇ ಇತ್ತು, ವಠಾರದ ಸಾಲು ಪೂರ್ತಿ ಮೇಡಂಗೆ ಕಾಣ್ತಿತ್ತು. ಮೊದಲು ಧಾರವಾಡದವಳ ಮನೆ. ನಮ್ಮ ಫಿಲ್ಟರ್ ಕೊಡು, ಕಾಫಿ ಮಾಡಬೇಕು, ಅಂತ ಇವಳು. ಆ ಹುಡುಗಿ ಪಾಠ ಒಪ್ಪಿಸಿದ ಹಾಗೆ, ಮೇಡಂಗೂ ಕೇಳೋ ಹಾಗೆ ಹೇಳಿದಳು:

"ನಿಮ್ಮ ಕಡೆ ಫಿಲ್ಟರ್ ಎಲ್ಲೈತ್ರಿ ಅಮ್ಮಾರ? ನೀವು ಕಾಫಿ ಕುಡಿದಿದ್ದು ನಾ ಒಂದಿನಾನೂ ನೋಡಿಲ್ರಿ."

ಹಿಂದೆ ಬಾಗಿಲ ಸಂದೀಲಿ ನಮ್ಮ ಫಿಲ್ಟರ್ ಫಳಫಳ ಹೊಳೀತಿತ್ತು.

ಅಲ್ಲಿಂದ ಮೇಷ್ಟ್ರ ಮನೆ. ನಮ್ಮ ಸ್ಟೌವ್ ಕೊಡಿ ಅಂದಳು. ಅದರ ಮೇಲೆ ತಮ್ಮ ಬೇಳೆ ಬೇಯಿಸ್ತಿದ್ದ ಮೇಷ್ಟ್ರು, ನಿಮಗೆ ಸ್ಟೌವೆಲ್ಲಿದೆ ತಾಯಿ, ಪಾಪ, ಅಂದರು. ಓನರ್ರಂತೂ ಒಂದು ಹೆಜ್ಜೆ ಮುಂದೆ ಹೋಗಿ, ನೀವ್ಯಾರು ಅಂತಲೇ ನನಗೆ ಗೊತ್ತಿಲ್ಲ ಅಂದರು. ಕೊನೆಗೆ ಅವರ ಹೆಂಡತಿಯೇ ತಡೆಯಲಾರದೆ ತಮ್ಮನೇಲಿ ಕಾಯ್ತಿದ್ದ ಹಾಲಿಗೆ ಡಿಕಾಕ್ಷನ್ ಹಾಕಿ, ಕೈಗೆ ಸಿಕ್ಕ ಒಂದು ಸ್ಟೀಲ್ ಲೋಟಕ್ಕೆ ಸುರಿದುಕೊಟ್ಟಳು.

ನಾದಿನಿ ಸೆರಗಲ್ಲಿ ಲೋಟ ಹಿಡಿದು ಉಸಿರು ಬಿಡ್ತಾ ಬಂದಳು. ಮೇಡಂ ಎರಡೂ ಕೈಯಲ್ಲಿ ತಗೊಂಡರು, ಲೋಟವನ್ನ ಒಂದು ಸುತ್ತು ತಿರುಗಿಸಿ ನೋಡಿದರು, ಕುಡಿದರು. ಮನೆ ಮನೆ ಬಾಗಿಲಿಗೆ ಹೋಗಿ ಕೇಳಿ ತಂದಿರಾ ನನಗೋಸ್ಕರ, ಅಂದರು. ನಾನು ನಾದಿನಿ ಕಾಲು ತುಳಿದೆ. ಪಕ್ಕದ ಮನೆ ಲೋಟ ಮೇಡಂ, ನಮ್ಮಲ್ಲಿ ಎಲ್ಲಿ ಬರಬೇಕು, ಅಂದೆ. ನಾದಿನಿ ಕಣ್ಣಲ್ಲಿ ದಳದಳ ನೀರು. ಅದು ಅವಮಾನದ ನೀರು ಅಂತ ನನಗೆ ಗೊತ್ತು. ಮೇಡಂ ಏನಂದುಕೊಂಡರೋ, ಕಣ್ಣು ಒರೆಸಿಕೊಂಡು ಎದ್ದು ಹೋದರು.

ವಾರದಲ್ಲಿ ಕಾಗದ ಬಂತು. ಹಳೇ ಹಾಗೇ ಮುಕ್ಕಾಲು ಪಾಲು ಕೊಡ್ತೀವಿ, ಇಬ್ಬರಲ್ಲಿ ಒಬ್ಬರು ಇರೋವರೆಗೂ, ಅಂತ. ವಠಾರದಲ್ಲಿ ಹಬ್ಬ. ನಮ್ಮ ಸಾಮಾನೆಲ್ಲ ಒಂದೊಂದಾಗಿ ಮನೆ ಸೇರಿತು, ಜೊತೆಗೆ ಗಡಿಬಿಡೀಲಿ ಅವರವರದ್ದೂ ಒಂದೆರಡು.

ಹೆಬ್ಬೆಟ್ಟು ಒತ್ತೋಕೆ ಇಬ್ಬರೂ ಆಫೀಸಿಗೆ ಹೋದೆವು. ನಾದಿನಿ ಮತ್ತೆ ಆ ರೇಷ್ಮೆ ಸೀರೆ ಉಟ್ಟಿದ್ದಳು, ಬೇಡ ಅಂದರೂ ಕೇಳಲಿಲ್ಲ. ಎಲ್ಲ ಮುಗಿದು ಹೊರಡಬೇಕು, ಇವಳು ಮೇಡಂ ಮುಂದೆ ನಿಂತುಬಿಟ್ಟಳು. ಅವತ್ತು ನಿಮಗೆ ಸರಿಯಾಗಿ ಉಪಚಾರ ಮಾಡೋಕಾಗಲಿಲ್ಲ, ಶುಕ್ರವಾರ ನಮ್ಮನೆಗೆ ಬನ್ನಿ, ಚಿರೋಟಿ ಮಾಡ್ತೀನಿ, ಬೆಳ್ಳಿ ಲೋಟದಲ್ಲಿ ಕಾಫಿ ಕೊಡ್ತೀನಿ, ಅಂದಳು. ನಾನು ಅವಳ ಸೆರಗು ಹಿಡಿದೆಳೆದೆ.

ಮೇಡಂ ನಕ್ಕರು.

"ಬೇಡಮ್ಮ. ಬಂದರೆ ನೋಡಬೇಕಾಗುತ್ತೆ, ನೋಡಿದರೆ ಬರೀಬೇಕಾಗುತ್ತೆ. ಮೊದಲನೇ ಸಲ ಇಲ್ಲದ್ದನ್ನೆಲ್ಲ ತೋರಿಸಿದಿರಿ, ಎರಡನೇ ಸಲ ಇರೋದನ್ನೆಲ್ಲ ಬಚ್ಚಿಟ್ಟಿರಿ. ಎರಡೂ ಕೂಡಿಸಿ ನಡುವಿಂದು ಹಿಡಿದು ನಾನು ಬರೆದೆ." ಆಮೇಲೆ ದನಿ ಇಳಿಸಿ, "ಅವತ್ತು ಕಾಫಿ ಕೊಟ್ಟ ಲೋಟದ ಮೇಲೆ ನಿಮ್ಮ ಯಜಮಾನರ ಹೆಸರು ಕೊರೆಸಿತ್ತು. ನಿಮ್ಮ ಫಿಲ್ಟರ್ ಮನೆಗೆ ಬಂತಾ?" ಅಂದರು.

ಓದು ಬರದಿದ್ದರೆ ನೋಡಿ ಹೀಗಾಗುತ್ತೆ. ನಾನು ನೆಲ ನೋಡ್ತಾ ನಿಂತೆ. ನಾದಿನಿ ಮಾತ್ರ ರೇಷ್ಮೆ ಸೆರಗು ಸರಿಮಾಡಿಕೊಂಡು ತಲೆ ಎತ್ತಿ ಹೇಳಿದಳು:

"ಬಂತು ಮೇಡಂ. ಮೂರು ಬಂದಿದೆ. ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ."