ಆಸಕ್ತಿಯ ಮರುಮೌಲ್ಯಮಾಪನ

ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ನಾನು ಕೌನ್ಸೆಲರ್. ಹತ್ತನೇ ಕ್ಲಾಸಿನ ಮಕ್ಕಳಿಗೆ ಯಾವ ಕೆಲಸದ ಮೇಲೆ ಒಲವಿದೆ ಎಂದು ಅಳೆದು ಹೇಳುವುದು ನನ್ನ ಉದ್ಯೋಗ. ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ, ನನಗೆ ಮೈ ಉರಿಯುತ್ತದೆ.

ಸರಿ ಉತ್ತರ

ನನ್ನ ಪ್ರಶ್ನೆಪತ್ರಿಕೆಯಲ್ಲಿ ಸರಿ, ತಪ್ಪು ಇಲ್ಲ. ಕೆಟ್ಟ ಫ್ಯಾನ್ ಬಿಚ್ಚಿ ನೋಡುವುದು ಇಷ್ಟವೋ, ರೋಗಿಯ ಆರೈಕೆ ಇಷ್ಟವೋ, ಇಂಥವು. ಇಷ್ಟವಾದದ್ದಕ್ಕೆ ಟಿಕ್ ಹಾಕಿದರೆ ಮುಗಿಯಿತು. ಈ ಸಲ ಪತ್ರಿಕೆ ಹಂಚಿ, ಕ್ಲಾಸ್ ಟೀಚರನ್ನು ಕೂರಿಸಿ, ಫೋನ್ ಬಂತೆಂದು ಹೊರಗೆ ಹೋದೆ. ವಾಪಸ್ ಬಂದು ನೋಡಿದರೆ, ಒಬ್ಬಳನ್ನು ಬಿಟ್ಟು ಇಡೀ ಕ್ಲಾಸಿಗೆ ಬ್ಯಾಂಕ್ ಕೆಲಸದ ಮೇಲೆ ಒಲವು!

"ಮಕ್ಕಳು ಒದ್ದಾಡ್ತಿದ್ರು ಪಾಪ. ಫಸ್ಟ್ ಬರೋ ಹುಡುಗನ ಪೇಪರ್ ನೋಡಿ ಬೋರ್ಡ್ ಮೇಲೆ ಬರೆದ್ಬಿಟ್ಟೆ," ಎಂದರು ಟೀಚರ್.

ಆ ಒಬ್ಬಳು ಪುಟ್ಟೇನಹಳ್ಳಿಯ ಹುಡುಗಿ. ಯಂತ್ರಗಳಿಗೆಲ್ಲ ಟಿಕ್ ಹಾಕಿದ್ದಳು. ಮೆಕ್ಯಾನಿಕಲ್ ಡಿಪ್ಲೊಮಾ ಸೇರಬೇಕೆಂದು ಅವಳ ಆಸೆ. "ಮಿಸ್, ನಿಮ್ಮ ರಿಪೋರ್ಟ್ ನೋಡಿದ್ರೆ ಅಪ್ಪ ಒಪ್ತಾರೆ ಅಲ್ವಾ?" ಎಂದು ಕೇಳಿದಳು. ಒಪ್ಪುತ್ತಾರೆ ಎಂದೆ. ಅಷ್ಟರಲ್ಲಿ ಟೀಚರ್ ನನ್ನ ಕಿವಿಯಲ್ಲಿ ಹೇಳಿದರು: "ಇವಳಿಗೆ ಮಾರ್ಕ್ಸ್ ಕೊಡ್ಬೇಡಿ ಮೇಡಂ. ಕಣ್ಣೆದುರಿಗೆ ಬರೆದಿದ್ರೂ ನೋಡ್ಕೊಂಡು ಬರೀಲಿಲ್ಲ."

ಅಪ್ಪನ ಅಹವಾಲು

ಹೊಲವನ್ನೆಲ್ಲ ಲೇಔಟ್ ಮಾಡಿ ಮನೆ ಕಟ್ಟಿಸಿ ಮಾರುವ ಯಜಮಾನರು ಅವಳ ಅಪ್ಪ. ರಿಪೋರ್ಟ್ ಹಿಡಿದು ಬಂದರು.

"ಇಂಗಾದ್ರೆ ಎಂಗೆ ಮೇಡಂ? ಡಾಕ್ಟ್ರಲ್ಲಿ ಇಷ್ಟು ಕಮ್ಮಿ ಬಂದೈತೆ. ಟ್ಯೂಷನ್‌ಗೆ ಆಕ್ಲಾ?"

"ಸಾರ್, ಇದು ಮಾರ್ಕ್ಸ್ ಅಲ್ಲ. ಅವಳಿಗೆ ಏನಿಷ್ಟ ಅನ್ನೋದು ಅಷ್ಟೇ."

"ಅದೇ, ಇಷ್ಟದಲ್ಲೇ ಕಮ್ಮಿ ಬಂದೈತಲ್ಲ. ರೀವ್ಯಾಲ್ಯುಯೇಷನ್ ಮಾಡ್ಸಿ."

ಮನೆಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾಳಂತಲ್ಲ ಎಂದೆ. ಅವರ ಮುಖ ಅರಳಿತು. "ಮಿಕ್ಸಿ ಏನ್ ಬಂತು, ನೀರಿನ ಮೋಟರ್ ಕೆಟ್ರೂ ಅವ್ಳೇ. ಮೆಕ್ಯಾನಿಕ್ ಕರೆಯೋದೇ ಬಿಟ್ಬಿಟ್ಟಿದೀವಿ."

"ಮತ್ತೆ ಅದನ್ನೇ ಓದಿಸಬಹುದಲ್ಲ?"

"ಬರೋದನ್ನ ಯಾರಾದ್ರೂ ಓದಿಸ್ತಾರಾ ಮೇಡಂ?"

ಗ್ರೇಸ್

ನಮ್ಮ ಶಾಲೆಯದ್ದೇ ಪಿಯು ಕಾಲೇಜಿದೆ, ಅಲ್ಲಿರುವುದು ಸೈನ್ಸ್ ಮಾತ್ರ. ಪ್ರಿನ್ಸಿಪಾಲರು ಕರೆದರು. "ಆ ಹುಡುಗಿ ರಿಪೋರ್ಟಲ್ಲಿ ಡಾಕ್ಟರ್‌ನ ಸ್ವಲ್ಪ ಮೇಲಕ್ಕೆ ತನ್ನಿ."

"ಸುಳ್ಳು ಬರೀಲಾ ಸಾರ್?"

"ಸುಳ್ಳಲ್ಲ ರೀ, ಗ್ರೇಸ್. ಮ್ಯಾತ್ಸಿಗೆ ಕೊಡಲ್ವಾ?"

ಸಹಿ ಹಾಕಲ್ಲ ಎಂದೆ. ಸರಿ, ಅವರೇ ಮರುಪರೀಕ್ಷೆ ಇಟ್ಟರು. ಅಪ್ಪ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದರು, ಮಗಳು ಟಿಕ್ ಹಾಕಿದಳು. ಮುಗಿಯುವವರೆಗೂ ತಲೆ ಎತ್ತಲಿಲ್ಲ. ನನಗೆ ಸಿಟ್ಟಿಗೆ ಅಳು ಬಂತು. ಸೋಮವಾರ ಗೇಟಿನ ಮೇಲೆ ಫ್ಲೆಕ್ಸ್: ಅವಳ ಮುಖ, ಫ್ಲೆಕ್ಸ್ ಅಂಗಡಿಯವನು ತೊಡಿಸಿದ ಬಿಳಿ ಕೋಟು, ಕೆಳಗೆ 'ವೈದ್ಯಕೀಯ ಆಸಕ್ತಿಯಲ್ಲಿ ಶಾಲೆಗೇ ಪ್ರಥಮ'. ಮಧ್ಯಾಹ್ನದೊಳಗೆ ಇನ್ನೊಬ್ಬ ತಾಯಿ ಜಗಳಕ್ಕೆ ಬಂದರು, ತಮ್ಮ ಮಗನಿಗೆ ಸೆಕೆಂಡ್ ಆದರೂ ಯಾಕೆ ಬಂದಿಲ್ಲವೆಂದು.

ಸ್ವೀಟ್ ಬಾಕ್ಸ್

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಅಪ್ಪ ಸ್ವೀಟ್ ಬಾಕ್ಸ್ ಹಿಡಿದು ಬಂದರು. ಹಿಂದೆ ಮಗಳು.

"ತಗೊಳಿ ಮೇಡಂ. ನಮ್ ಉಡ್ಗೀನ ಸೈನ್ಸ್‌ಗೆ ಸೇರಿಸ್ದೆ. ಇನ್ನೊಂದ್ ಉಪ್ಕಾರ ಆಗ್ಬೇಕು. ಇವ್ಳ ತಮ್ಮ ಈ ವರ್ಷ ನಿಮ್ ಪರೀಕ್ಷೆಗೆ ಬರ್ತಾನೆ. ಅವ್ನಿಗೆ ಮೆಕ್ಯಾನಿಕಲ್ ಬರೋ ಅಂಗೆ ನೋಡ್ಕೊಳಿ. ಮಾಕಳೀಲಿ ನಮ್ದು ಶೆಡ್ ಐತೆ, ವರ್ಕ್‌ಶಾಪ್ ಆಕ್ಕೊಡ್ತೀನಿ."

"ಅವನಿಗೆ ಮಿಷಿನ್ ಅಂದ್ರೆ ಇಷ್ಟನಾ?"

"ಎಲ್ಲೀದು! ಬಲ್ಬ್ ಆಕಾಕೂ ಬರಾಕಿಲ್ಲ." ಮಗಳ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಅದಕ್ಕೇನಂತೆ ಬಿಡಿ. ಅವ್ರಕ್ಕ ಇದಾಳಲ್ಲ, ಏಳ್ಕೊಡ್ತಾಳೆ."