ಗೇಟಿಗೆ ಅಂಟಿಸಿದ ಸುತ್ತೋಲೆ

ಸರ್ಕಾರಿ ಕಚೇರಿಯಲ್ಲಿ ಕೂತು ಕೂದಲು ನರೆತವರಿಗೆಲ್ಲ ಒಂದು ಮೂಢನಂಬಿಕೆ ಇರುತ್ತದೆ. ಸುತ್ತೋಲೆ ಹೊರಡಿಸಿದರೆ ಸಮಸ್ಯೆ ಮುಗಿಯಿತು ಅನ್ನುವುದು. ಫ್ಯಾನು ಆರಿಸದೆ ಹೋಗುವವರಿಗೊಂದು ಸುತ್ತೋಲೆ, ತಡವಾಗಿ ಬರುವವರಿಗೊಂದು. ಫ್ಯಾನು ತಿರುಗುತ್ತಲೇ ಇರುತ್ತದೆ, ಬರುವವರು ತಡವಾಗಿಯೇ ಬರುತ್ತಾರೆ. ಆದರೂ ಸಹಿ ಹಾಕಿ ಸೀಲು ಒತ್ತಿದಾಗ ಸಿಗುವ ಸಮಾಧಾನವೇ ಬೇರೆ. ಸೂಪರಿಂಟೆಂಡೆಂಟ್ ಆಗಿರುವ ನಾನು ಈ ನಂಬಿಕೆಯನ್ನು ಕಚೇರಿಯಲ್ಲೇ ಬಿಟ್ಟು ಬರಬೇಕಿತ್ತು. ಶಂಕರಪುರದ ನಮ್ಮ ಮನೆಗೂ ತಂದೆ.

ನನ್ನ ಹೆಂಡತಿ ಭಾರತಿ ಕಂಪ್ಯೂಟರ್ ಎಂಜಿನಿಯರು. ಇಪ್ಪತ್ತೆರಡು ವರ್ಷದ ಅನುಭವ. ಯಾವುದೋ ದೇಶದ ಆಸ್ಪತ್ರೆಗಳ ಕಂಪ್ಯೂಟರುಗಳು ನಿಂತುಹೋದರೆ ನಮ್ಮ ಅಡಿಗೆಮನೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಅವಳು ಹಿಟ್ಟಿನ ಕೈಯಲ್ಲೇ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ನಾಲ್ಕು ಮಾತಾಡುತ್ತಾಳೆ, ಅಲ್ಲಿ ಸರಿಹೋಗುತ್ತದೆ. ನನ್ನ ಟೇಬಲ್ಲಿನ ಪ್ರಿಂಟರ್ ಕೆಟ್ಟರೆ ನಾನು ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತೇನೆ, ಅದು ಎರಡು ತಿಂಗಳಿಗೆ “ಚರ್ಚಿಸಿ” ಅನ್ನಿಸಿಕೊಂಡು ಕೆಳಗೆ ಬರುತ್ತದೆ. ನಮ್ಮಿಬ್ಬರ ವ್ಯತ್ಯಾಸ ತಿಳಿಯಿತಲ್ಲ.

ಆರು ವರ್ಷದ ಹಿಂದೆ ಅವಳ ಕಂಪನಿಯವರು ಇಡೀ ವಿಭಾಗದ ಮುಖ್ಯಸ್ಥೆಯಾಗು ಅಂತ ಅವಳನ್ನು ಕೇಳಿದ್ದರು. ನಾನು ದೋಸೆ ತಿನ್ನುತ್ತಾ ಒಂದೇ ಮಾತು ಅಂದೆ: “ಆಗ ಮನೆ ಕಡೆ ಯಾರು ನೋಡ್ಕೊಳ್ತಾರೆ?” ಅವಳು ಹುದ್ದೆಯನ್ನು ಒಪ್ಪಿಕೊಳ್ಳಲಿಲ್ಲ. ಅದು ಅವಳಿಂದಲೇ ಕೆಲಸ ಕಲಿತ ಒಬ್ಬಾತನಿಗೆ ಹೋಯಿತು. ನಾನು ಅವತ್ತು ಎರಡು ದೋಸೆ ಹೆಚ್ಚಿಗೇ ತಿಂದೆ ಅನ್ನುವುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈ ವರ್ಷ ಅದೇ ಹುದ್ದೆ ಮತ್ತೆ ಖಾಲಿಯಾಯಿತು. ಸಂದರ್ಶನ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಮೂರು ಊರಿನಲ್ಲಿ ಕೂತ ಮೂವರ ಜೊತೆ, ಮನೆಯಿಂದಲೇ ವಿಡಿಯೋದಲ್ಲಿ. “ರೀ, ನಂಗೇನೂ ಭಯ ಇಲ್ಲ. ಕೆಲ್ಸ ಗೊತ್ತಿದೆ, ಈ ಸಲ ಬಿಡೋದಿಲ್ಲ. ನಲವತ್ತೈದು ನಿಮಿಷ ಸದ್ದಿಲ್ದೆ ಇದ್ರೆ ಸಾಕು,” ಅಂದಳು.

“ಅದನ್ನ ನಂಗೆ ಬಿಡು,” ಅಂದೆ. ಅಲ್ಲಿಯವರೆಗೆ ಅವಳ ಮುಖ ನಿಶ್ಚಿಂತೆಯಿಂದಿತ್ತು.

ಶನಿವಾರ ಬೆಳಿಗ್ಗೆ ಕಾಲಿಂಗ್ ಬೆಲ್ಲಿನ ತಂತಿ ಕಿತ್ತೆ. ಕುಕ್ಕರಿನ ವೆಯ್ಟನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಕೈ ಸುಮ್ಮನಿರದೆ ಒಂದು ಸುತ್ತೋಲೆ ಬರೆದು ಗೇಟಿಗೆ ಅಂಟಿಸಿದೆ. “ಈ ಬೀದಿಯ ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಶ್ರೀಮತಿ ಭಾರತಿಯವರ ಸಂದರ್ಶನದ ನಿಮಿತ್ತ ಬೆಳಿಗ್ಗೆ ಹತ್ತರಿಂದ ಹತ್ತೂಮುಕ್ಕಾಲರವರೆಗೆ ನಿಶ್ಶಬ್ದ ಕಾಪಾಡತಕ್ಕದ್ದು.” ಶನಿವಾರ ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದರೆ ಗೇಟಿನ ಮೇಲೆ ಕಾಗದ ಕಂಡರೆ ಓದಿ ಮುಂದೆ ಹೋಗುವ ಪದ್ಧತಿಯೂ ನಮ್ಮಲ್ಲಿಲ್ಲ. ನಿಂತು ಚರ್ಚಿಸಬೇಕು.

ಮೊದಲು ಬಂದವರು ಎದುರುಮನೆಯ ಗಂಗಾಧರಯ್ಯ, ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟವರು. ಅವರ ಹಿಂದೆ ಅವರ ಹೆಂಡತಿ ಗಿರಿಜಮ್ಮ. “ಕನ್ನಡಕ ತಂದಿಲ್ಲ ಕಣ್ರೀ, ಸ್ವಲ್ಪ ಜೋರಾಗಿ ಓದಿ,” ಅಂದರು ಆಕೆ. ಗಂಗಾಧರಯ್ಯ ಜೋರಾಗಿಯೇ ಓದಿದರು, ಎರಡು ಸಲ. ಸೊಪ್ಪು ಮಾರುವ ಲಕ್ಷ್ಮಮ್ಮ ಬುಟ್ಟಿ ಇಳಿಸಿ, “ಏನಂತಣ್ಣೋ, ಮನೆ ಬಾಡಿಗೆಗೈತಾ?” ಅಂದಳು. ನಾನು ವರಾಂಡದಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟು ಕೈಮುಗಿದೆ. ನನ್ನ ಬೆನ್ನ ಹಿಂದಿನ ಕಿಟಕಿಯ ಆಚೆಗೇ ಭಾರತಿ ಸಂದರ್ಶನಕ್ಕೆ ಕೂತಿದ್ದಳು.

“ನಾಗರಾಜು, ಎಷ್ಟ್ ಜನದ ಮೇಲೆ ಸಾಹೇಬಳಾಗ್ತಾಳೆ ನಮ್ ಭಾರತಿ?” ಗಿರಿಜಮ್ಮ ಗುಟ್ಟಿನಲ್ಲೇ ಕೇಳಿದರು, ಅವರ ಗುಟ್ಟು ಮೂರು ಮನೆಗೆ ಕೇಳಿಸುತ್ತದೆ. ನಾನು ಪಿಸುಗುಟ್ಟಿದೆ, “ಮುನ್ನೂರು.”

“ಮುನ್ನೂರಾ! ರೀ, ಕೇಳಿಸ್ತಾ, ಮುನ್ನೂರು ಜನದ ಮೇಲಂತೆ!”

“ಗಂಡಸ್ರೂ ಇರ್ತಾರಾ ಅದ್ರಲ್ಲಿ?” ಗಂಗಾಧರಯ್ಯನವರಿಗೆ ಅನುಮಾನ.

“ಇದ್ರೆ ಏನೀಗ? ನಲವತ್ತು ವರ್ಷದಿಂದ ನಾನು ನಿಮ್ಮನ್ನ ಸಂಭಾಳಿಸ್ತಿಲ್ವಾ? ಮುನ್ನೂರು ಯಾವ ಲೆಕ್ಕ!”

ಅಷ್ಟರಲ್ಲಿ ಕಿಟಕಿಯಿಂದ ಒಂದು ಪ್ರಶ್ನೆ ಕೇಳಿಸಿತು. ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುತ್ತೇನೆ. “ಆರು ವರ್ಷದ ಹಿಂದೆ ಇದೇ ಹುದ್ದೆ ನಿಮ್ಮ ಕೈಗೇ ಬಂದಿತ್ತು. ಯಾಕೆ ಬೇಡ ಅಂದಿರಿ?” ನನ್ನ ಹೆಸರು ಹೇಳಲಿ, ಬೇಕಾದರೆ ಬೈಯಲಿ, ಈ ಸಲ ಮಾತ್ರ ತಪ್ಪದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

ಭಾರತಿಯ ದನಿ ಒಂಚೂರೂ ಅಲುಗಲಿಲ್ಲ. “ಬೇಡ ಅಂದದ್ದು ನಾನೇ, ಆ ತಪ್ಪು ನನ್ನದು. ಆಗ ನಮ್ಮ ಮನೆಯಲ್ಲಿ ಒಬ್ಬರಿಗೆ ತರಬೇತಿ ಆಗಿರಲಿಲ್ಲ. ಈಗ ಆಗಿದೆ. ಮನೆಯ ಕಡೆ ಅವರು ನೋಡಿಕೊಳ್ಳುತ್ತಾರೆ.”

ಸರಿಯಾಗಿ ಅದೇ ಗಳಿಗೆಯಲ್ಲಿ ಗೇಟಿನ ಹತ್ತಿರ ಮೂವರೂ ಗೊಳ್ಳೆಂದು ನಕ್ಕರು. ಇಷ್ಟು ಒಳ್ಳೆಯ ಮಾತಿನ ನಡುವೆ ಈ ಗಲಾಟೆಯೇ ಅಂತ ನನಗೆ ಎಲ್ಲಿತ್ತೋ ಸಿಟ್ಟು! ಇಪ್ಪತ್ತೆಂಟು ವರ್ಷದಿಂದ ಇಡೀ ಸೆಕ್ಷನ್ನನ್ನು ಅಡಗಿಸಿದ ದನಿಯಲ್ಲಿ ಅರಚಿದೆ: “ಸದ್ದು ಮಾಡ್ಬೇಡಿ ಅಂತ ಸುತ್ತೋಲೆ ಹಾಕಿಲ್ವೇನ್ರೀ!”

ಬೀದಿ ಗಪ್‌ಚಿಪ್ಪಾಯಿತು. ಒಳಗೂ ಅಷ್ಟೇ. ಆಮೇಲೆ ಕಂಪ್ಯೂಟರಿನೊಳಗಿಂದ ಯಾರೋ ಕೇಳಿದರು, “ಅದು ಯಾರು?”

“ಅವರೇ,” ಅಂದಳು ಭಾರತಿ. “ಇನ್ನೂ ಪ್ರೊಬೇಷನ್‌ನಲ್ಲಿದ್ದಾರೆ.”

ಮೂರು ಊರಿನವರೂ ಒಟ್ಟಿಗೆ ನಕ್ಕಿದ್ದು ವರಾಂಡಕ್ಕೆ ಚೆನ್ನಾಗಿ ಕೇಳಿಸಿತು. ಮುಂದಿನ ಬುಧವಾರ ನೇಮಕದ ಪತ್ರ ಬಂತು. ಗಿರಿಜಮ್ಮ ಹೋಳಿಗೆ ಕಳಿಸಿದರು, ಅವಳಿಗೆ ಮಾತ್ರ.

ಸರ್ಕಾರ ನನ್ನನ್ನು ಎರಡೇ ವರ್ಷಕ್ಕೆ ಖಾಯಂ ಮಾಡಿತ್ತು. ಆ ಧೈರ್ಯದ ಮೇಲೆ ಮೊನ್ನೆ ಪಾತ್ರೆ ಒರೆಸುತ್ತಾ ಕೇಳಿದೆ, “ಭಾರತಿ, ನನ್ನ ಪ್ರೊಬೇಷನ್ ಯಾವಾಗ ಮುಗಿಯುತ್ತೆ?”

ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. “ಅರ್ಜಿ ಕೊಟ್ಟು ಹೋಗಿ, ಪರಿಶೀಲಿಸೋಣ,” ಅಂದಳು. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ಹತ್ತು ಜನರಿಗೆ ನಾನು ಹೇಳುತ್ತಾ ಬಂದ ಮಾತು ಅದು. ಅದನ್ನು ಕೇಳಿಸಿಕೊಂಡು ಮೆಟ್ಟಿಲಿಳಿದು ಹೋಗುವವರಿಗೆ ಹೇಗಾಗುತ್ತದೆ ಅನ್ನುವುದು ಮಾತ್ರ ಅವತ್ತೇ ಗೊತ್ತಾದದ್ದು.